ಅದೇ 26



52ರಲ್ಲಿ 38 ಕಳೆದು 26 ಎಂದು ಬರೆಯುವ ಮಕ್ಕಳು ಹೈಸ್ಕೂಲಿಗೂ ಬರುತ್ತಾರೆ. ನನ್ನ ಮಾತು ಅವರ ಬಗ್ಗೆ.

1913ರಲ್ಲಿ ಅಮೆರಿಕದ ಜಾನ್ ವಾಟ್ಸನ್, ಮನಶ್ಶಾಸ್ತ್ರಕ್ಕೆ ಕಣ್ಣಿಗೆ ಕಾಣುವ ನಡವಳಿಕೆಯೊಂದೇ ಸಾಕು ಎಂದರು. ಮುಂದೆ ಸ್ಕಿನ್ನರ್ ಪಾರಿವಾಳಕ್ಕೆ ಕಾಳು ಕೊಟ್ಟೇ ಕಲಿಸಿ ತೋರಿಸಿದರು. ಈ ದಾರಿಯಲ್ಲಿ 26 ಬರೀ ತಪ್ಪು; ಸರಿ ಉತ್ತರಕ್ಕೆ ಶಹಬ್ಬಾಸ್ ಹೇಳಿ ಮತ್ತೆ ಮತ್ತೆ ಮಾಡಿಸಿದರಾಯಿತು. ಬೆತ್ತ ಮಾತ್ರ ಸ್ಕಿನ್ನರ್ ಹೇಳಿದ್ದಲ್ಲ, ಆತ ಶಿಕ್ಷೆಗೆ ವಿರೋಧಿ. ಅದು ನಮ್ಮದೇ ಸೇರ್ಪಡೆ!

ಕಂಪ್ಯೂಟರ್ ಬಂದ ಮೇಲೆ, 1950ರ ದಶಕದಲ್ಲಿ, ಜಾರ್ಜ್ ಮಿಲ್ಲರ್, ಹರ್ಬರ್ಟ್ ಸೈಮನ್ ಮೊದಲಾದವರು ತಲೆಯೊಳಗಿನ ಹೆಜ್ಜೆಗಳನ್ನೂ ಶೋಧಿಸಬಹುದು ಎಂದರು. 1978ರಲ್ಲಿ ಬ್ರೌನ್ ಮತ್ತು ಬರ್ಟನ್, ನಾವು ಪ್ರೋಗ್ರಾಮಿನಲ್ಲಿ ಹುಡುಕುವಂತೆ, ಮಕ್ಕಳ ಕಳೆಯುವ ಲೆಕ್ಕದಲ್ಲಿ 'ಬಗ್' ಹುಡುಕಿದರು. 26 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿರುತ್ತದೆ: ಎಂಟರಲ್ಲಿ ಎರಡು ಹೋದರೆ ಆರು, ಐದರಲ್ಲಿ ಮೂರು ಹೋದರೆ ಎರಡು. ಇದು ದಡ್ಡತನವಲ್ಲ, ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. 58ರಲ್ಲಿ 32 ಕಳೆಯಲು ಕೊಡಿ. ಅದೇ ನಿಯಮ, ಅದೇ 26, ಈಗ ಸರಿ! ನಮ್ಮ ಶಹಬ್ಬಾಸ್ ಆ ತಪ್ಪು ನಿಯಮಕ್ಕೂ ಸಿಕ್ಕಿಬಿಡುತ್ತದೆ.

ಗುರುಗಳಲ್ಲಿ ವಿನಂತಿ ಇಷ್ಟೇ. ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆಯುವ ಮುಂಚೆ, "ಹೇಗೆ ಮಾಡಿದೆ, ಹೇಳು ಮರಿ" ಎಂದು ಒಮ್ಮೆ ಕೇಳಿ.