ಬ್ಯಾಂಕ್ ಉದ್ಯೋಗ: ಪ್ರಶ್ನೆ ಗುಮಾಸ್ತನಿಗೆ ಮಾತ್ರವೇ?



ಬ್ಯಾಂಕ್ ನೇಮಕಾತಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನನ್ನು ಅಭಿನಂದಿಸಬೇಕೋ ತಡೆಯಬೇಕೋ ಎಂದು ತಿಳಿಯದ ತಂದೆಯಂದಿರು ನಮ್ಮ ಪಟ್ಟಣಗಳಲ್ಲಿ ಅನೇಕರಿದ್ದಾರೆ. ಕರಾವಳಿಯಲ್ಲಂತೂ ಈ ಗೊಂದಲ ಹೆಚ್ಚು. ಕೆನರಾ, ಸಿಂಡಿಕೇಟ್, ವಿಜಯ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ನೆಲವಿದು. 1906ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾಗಿ 2020ರಲ್ಲಿ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನಗೊಂಡ ಕಾರ್ಪೊರೇಶನ್ ಬ್ಯಾಂಕಿನ ಸ್ಥಾಪಕರು ಹಾಜಿ ಅಬ್ದುಲ್ಲಾ ಸಾಹೇಬರು ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಬಡ್ಡಿಯ ವಿಷಯದಲ್ಲಿ ಪವಿತ್ರ ಕುರ್‌ಆನಿನ ನಿಲುವು ಸಂದಿಗ್ಧವಲ್ಲ. ಅಲ್ ಬಕರಃ ಅಧ್ಯಾಯದ 275ರಿಂದ 279ರವರೆಗಿನ ಸೂಕ್ತಗಳು ವ್ಯಾಪಾರವನ್ನು ಸಮ್ಮತಿಸಿ ಬಡ್ಡಿಯನ್ನು ನಿಷೇಧಿಸಿವೆ. ಬ್ಯಾಂಕಿನ ಬಡ್ಡಿ ಇದಕ್ಕೆ ಹೊರತೆಂಬ ವಾದವನ್ನು ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್‌ಹ್ ಅಕಾಡೆಮಿ 1985ರಲ್ಲೇ ತಳ್ಳಿಹಾಕಿತು. ಉದ್ಯೋಗದ ಪ್ರಶ್ನೆಗೆ ಆಧಾರವಾಗಿರುವುದು ಜಾಬಿರ್(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್. ಬಡ್ಡಿ ತಿನ್ನುವವನು, ಕೊಡುವವನು, ಅದನ್ನು ಬರೆಯುವವನು, ಇಬ್ಬರು ಸಾಕ್ಷಿಗಳು, ಇವರೆಲ್ಲರನ್ನೂ ಪ್ರವಾದಿವರ್ಯರು(ಸ) ಶಪಿಸಿ, ಎಲ್ಲರೂ ಸಮಾನರೆಂದರು.

ಇದರ ಆಧಾರದಲ್ಲಿ ಶೇಖ್ ಇಬ್ನ್ ಬಾಝ್‌ರಂತಹ ವಿದ್ವಾಂಸರು ಬಡ್ಡಿ ಬ್ಯಾಂಕುಗಳ ನೌಕರಿಯನ್ನೇ ನಿಷಿದ್ಧವೆಂದರು. ಯೂಸುಫುಲ್ ಕರ್‌ಝಾವಿಯವರು ಭಿನ್ನವಾಗಿ ಯೋಚಿಸಿದರು. ಬ್ಯಾಂಕಿನ ಎಲ್ಲ ಕೆಲಸವೂ ಬಡ್ಡಿಯದ್ದಲ್ಲ, ಮುಸ್ಲಿಮರು ಪೂರ್ಣವಾಗಿ ಹೊರಗುಳಿದರೆ ಆ ಕ್ಷೇತ್ರ ಇತರರ ಹಿಡಿತಕ್ಕೆ ಹೋಗುತ್ತದೆ, ಜೀವನೋಪಾಯದ ಅನಿವಾರ್ಯತೆಯನ್ನೂ ಪರಿಗಣಿಸಬೇಕು ಎಂದರು. ಆದರೆ ಮನಸ್ಸಿನಲ್ಲಿ ಅಸಮಾಧಾನವಿರಬೇಕು, ಉತ್ತಮ ಉದ್ಯೋಗದ ಹುಡುಕಾಟ ನಿಲ್ಲಬಾರದು ಎಂಬ ಷರತ್ತನ್ನು ಮರೆಯುವವರೇ ಅವರ ಫತ್ವಾವನ್ನು ಹೆಚ್ಚು ಉಲ್ಲೇಖಿಸುತ್ತಾರೆ!

ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಸಾಲ ಮಂಜೂರು ಮಾಡುವ, ಬಡ್ಡಿ ಲೆಕ್ಕ ಹಾಕುವ, ವಸೂಲಿ ಮಾಡುವ ಹುದ್ದೆಯನ್ನು ಬೇರೆ ದಾರಿಯಿರುವ ಯುವಕ ಆರಿಸಿಕೊಳ್ಳಬಾರದು. ಈಗಾಗಲೇ ಅಲ್ಲಿದ್ದು, ಅದರಿಂದಲೇ ವೃದ್ಧ ತಂದೆತಾಯಿಯರನ್ನು ಸಾಕುತ್ತಿರುವವನಿಗೆ ನಾಳೆಯೇ ರಾಜೀನಾಮೆ ಕೊಡು ಎನ್ನುವ ಧೈರ್ಯ ನನಗಿಲ್ಲ. ಅವನು ಬಡ್ಡಿಯಿಂದ ದೂರದ ವಿಭಾಗಕ್ಕೆ ಯತ್ನಿಸಲಿ, ಬೇರೆ ಕೆಲಸ ಹುಡುಕಲಿ.

ಆದರೆ ಸಹೋದರರೇ, ಆ ಹದೀಸ್‌ನಲ್ಲಿ ಬರೆಯುವವನಿಗಿಂತ ಮೊದಲು ಬಂದಿರುವವರು ಯಾರು? ಠೇವಣಿಯ ಬಡ್ಡಿ ತಿನ್ನುವವನು ಮತ್ತು ಸಾಲಕ್ಕೆ ಬಡ್ಡಿ ಕಟ್ಟುವವನು. ಮಗಳ ಮದುವೆಯ ಆಡಂಬರಕ್ಕೆ ಚಿನ್ನ ಅಡವಿಟ್ಟವರು, ಕಂತಿನಲ್ಲಿ ಕಾರು ಕೊಂಡವರು ಗುಮಾಸ್ತನ ಸಂಬಳ ಹಲಾಲೋ ಹರಾಮೋ ಎಂದು ಚರ್ಚಿಸುತ್ತಿದ್ದಾರೆ. ಅವನ ಮನೆಯ ಊಟ ನಿರಾಕರಿಸುವವರೂ ಇದ್ದಾರೆ.

ಸರಕಾರದ ಕಡೆಯಿಂದ ಸದ್ಯ ದೊಡ್ಡ ನಿರೀಕ್ಷೆ ಬೇಡ. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ನೀಡಬೇಕೆಂದು 2008ರಲ್ಲಿ ರಘುರಾಮ್ ರಾಜನ್ ಸಮಿತಿ ಹೇಳಿತು. 2015ರಲ್ಲಿ ರಿಸರ್ವ್ ಬ್ಯಾಂಕಿನದ್ದೇ ದೀಪಕ್ ಮೊಹಂತಿ ಸಮಿತಿ ಬಡ್ಡಿರಹಿತ ಕೌಂಟರುಗಳನ್ನು ಶಿಫಾರಸು ಮಾಡಿತು. ಎಲ್ಲ ನಾಗರಿಕರಿಗೂ ಬ್ಯಾಂಕಿಂಗ್ ಸೇವೆಯ ಸಮಾನ ಅವಕಾಶವಿದೆಯೆಂಬ ಕಾರಣ ನೀಡಿ 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಬಡ್ಡಿ ಬೇಡವೆನ್ನುವವನಿಗೆ ಅದೆಂತಹ ಸಮಾನ ಅವಕಾಶ?

ಹಲಾಲ್ ಹೆಸರಿನ ಹೂಡಿಕೆಗಳೂ ಮೋಸದಿಂದ ಮುಕ್ತವಲ್ಲವೆಂಬುದನ್ನು 2019ರಲ್ಲಿ ಬೆಂಗಳೂರಿನ ಐಎಂಎ ಹಗರಣ ತೋರಿಸಿತು. ಆದ್ದರಿಂದ ಪ್ರತಿ ಜಮಾಅತ್ತಿನಲ್ಲೂ, ಲೆಕ್ಕಪತ್ರವನ್ನು ಎಲ್ಲರ ಮುಂದಿಡುವ ಬಡ್ಡಿರಹಿತ ಸಾಲ ನಿಧಿ ಆರಂಭವಾಗಲಿ. ಅದರ ಲೆಕ್ಕ ನೋಡಲು ಹಣಕಾಸು ಬಲ್ಲವರು ಬೇಕು. ಬ್ಯಾಂಕಿನಲ್ಲಿ ದುಡಿದು ಅನುಭವ ಪಡೆದ ನಮ್ಮದೇ ಯುವಕರನ್ನು ಅದಕ್ಕೆ ಕರೆಯೋಣ.