ಕಾಗಕ್ಕ ಗುಬ್ಬಕ್ಕನಿಗೆ ಎಷ್ಟು ಹಾಳೆ ಬೇಕು?

(ಕನ್ನಡ ಶಾಲೆಯ ಪೋಷಕರ ಸಭೆಯಲ್ಲಿ ಆಡಿದ ಮಾತುಗಳು)



ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ದೊಡ್ಡ ತರಗತಿಯ 9 ಮಕ್ಕಳು ನೃತ್ಯದ ಬದಲು ಒಂದು ಅನಿಮೇಷನ್ ಚಿತ್ರ ಮಾಡುತ್ತೇವೆ ಎಂದಿದ್ದಾರೆ. ಕಾಗದದ ಮೇಲೆ ಪೆನ್ಸಿಲಿನಿಂದ ಒಂದೊಂದಾಗಿ ಬಿಡಿಸುವ ಚಿತ್ರ. ಕಥೆ ಕಾಗಕ್ಕ ಗುಬ್ಬಕ್ಕ. ಮುಗಿದ ಮೇಲೆ ಮೂಲ ಹಾಳೆಗಳನ್ನು ನಮ್ಮ ಸೇವಾ ಸಂಸ್ಥೆಯ ಭೋಜನಕೂಟದಲ್ಲಿ ಹಾಳೆಗೆ 5 ಡಾಲರಿನಂತೆ ಮಾರಿ, ಬಂದ ಹಣವನ್ನು ಊರಿನ ಸರ್ಕಾರಿ ಶಾಲೆಗಳ ಪುಸ್ತಕಕ್ಕೆ ಕೊಡಬೇಕೆಂಬುದೂ ಅವರದೇ ಯೋಚನೆ. ಮಾರ್ಗದರ್ಶನಕ್ಕೆ ನಿಂತಿರುವ ನಾವು ಮೂವರೂ ಸಾಫ್ಟ್‌ವೇರಿನವರು. ಚಿತ್ರ ಬಿಡಿಸುವುದು ನಮ್ಮಲ್ಲಿ ಯಾರಿಗೂ ಬಾರದು. ಪ್ಲ್ಯಾನ್ ಹಾಕುವುದು ಮಾತ್ರ ಹೊಟ್ಟೆಪಾಡಿನ ವಿದ್ಯೆ. ಆದ್ದರಿಂದ ಇವತ್ತು ಪ್ಲ್ಯಾನಿನ ಮಾತು.

ಮೊದಲು ಲೆಕ್ಕ ಕೇಳಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಕೈಯಲ್ಲಿ ಬಿಡಿಸುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸುತ್ತಾರೆ. ಹಾಗಾದರೆ ಸೆಕೆಂಡಿಗೆ 12 ಚಿತ್ರ. ನಮ್ಮ ಮಕ್ಕಳ ಆಸೆ 5 ನಿಮಿಷದ ಚಿತ್ರ. ಅಂದರೆ 3,600 ಹಾಳೆ! ನಮ್ಮ ಕೈಲಿರುವುದು 10 ಶನಿವಾರ, ದಿನಕ್ಕೆ 2 ಗಂಟೆ. ಮೊದಲ ಎರಡು ವಾರ ಕಥೆಗೂ ಧ್ವನಿಗೂ, ಕೊನೆಯ ಎರಡು ವಾರ ಸ್ಕ್ಯಾನಿಂಗಿಗೂ ಜೋಡಣೆಗೂ ಹೋದರೆ ಉಳಿಯುವುದು 6 ಶನಿವಾರ. ಒಂದು ಮಗು ದಿನಕ್ಕೆ 6 ಒಳ್ಳೆಯ ಚಿತ್ರ ಮುಗಿಸಿದರೆ, 9 ಮಕ್ಕಳಿಂದ ಒಟ್ಟು 324. ಸಾಕರ್ ಪಂದ್ಯ, ಸಂಗೀತದ ಕ್ಲಾಸು, ಜ್ವರ ನೆಗಡಿ ಕಳೆದರೆ ಇನ್ನೂ ಕಡಿಮೆ. ಆದ್ದರಿಂದ ಚಿತ್ರ 40 ಸೆಕೆಂಡಿನದು ಎಂದು ಮೊದಲೇ ನಿಶ್ಚಯಿಸಿದ್ದೇವೆ. ಅದಕ್ಕೂ 480 ಹಾಳೆ ಬೇಕು, ನಮ್ಮ ಶಕ್ತಿ 324. ಈ ಕಂದಕ ದಾಟುವುದೇ ಪ್ಲ್ಯಾನಿಂಗ್.

ಇದು ಹಳೆಯ ಕಷ್ಟವೇ. 1914ರಲ್ಲಿ ಇದೇ ಅಮೆರಿಕದಲ್ಲಿ ವಿನ್ಸರ್ ಮೆಕೇ ಎಂಬ ಪತ್ರಿಕಾ ಚಿತ್ರಕಾರ 'ಗರ್ಟಿ' ಎಂಬ ಡೈನೋಸಾರ್ ಚಿತ್ರ ಮಾಡಿದಾಗ, ಸಾವಿರಾರು ಹಾಳೆಗಳಲ್ಲಿ ಪ್ರತಿಯೊಂದಕ್ಕೂ ಹಿಂದಿನ ಗುಡ್ಡ, ಕಲ್ಲುಗಳನ್ನು ಮತ್ತೆ ಮತ್ತೆ ಬಿಡಿಸಬೇಕಾಗಿತ್ತು. ಆ ಕೆಲಸಕ್ಕೆಂದೇ ಒಬ್ಬ ಹುಡುಗ ಸಹಾಯಕ್ಕೆ ಇದ್ದ. ಅದೇ ಕಾಲದಲ್ಲಿ ಅರ್ಲ್ ಹರ್ಡ್ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಉಪಾಯ ಹುಡುಕಿದ ಮೇಲೆ ಹಿನ್ನೆಲೆ ಒಂದೇ ಸಲ ಬಿಡಿಸಿದರೆ ಸಾಕಾಯಿತು. ನಮಗೆ ಆ ಸೌಕರ್ಯವನ್ನು ಕಂಪ್ಯೂಟರ್ ಕೊಡುತ್ತದೆ. ಗುಬ್ಬಕ್ಕನ ಮನೆ ಒಂದು ಹಾಳೆ, ಮಳೆ ಬೇರೆ ಹಾಳೆ, ಕಾಗಕ್ಕ ಇನ್ನೊಂದು ಹಾಳೆ. ಸ್ಕ್ಯಾನ್ ಮಾಡಿ ಒಂದರ ಮೇಲೊಂದು ಜೋಡಿಸಬಹುದು. ಅದಕ್ಕೆ ಓಪನ್‌ಟೂನ್ಜ್, ಪೆನ್ಸಿಲ್ 2ಡಿ ಮುಂತಾದ ಉಚಿತ ಸಾಫ್ಟ್‌ವೇರ್‌ಗಳಿವೆ.

ನಮ್ಮ ತಲೆಮಾರಿನವರು ದೂರದರ್ಶನದಲ್ಲಿ ನೋಡಿದ 'ಏಕ್ ಅನೇಕ್ ಔರ್ ಏಕತಾ' ನೆನಪಿದೆಯಲ್ಲವೇ? ಫಿಲ್ಮ್ಸ್ ಡಿವಿಷನ್ 1974ರಲ್ಲಿ ಮಾಡಿದ್ದು. ಈಗ ಮತ್ತೆ ನೋಡಿ: ಮುಖಗಳು ಸರಳ, ಗೆರೆಗಳು ಕಡಿಮೆ. ಆದರೂ ಅದರ ಹಾಡು, ಹಕ್ಕಿಗಳು ನಮ್ಮ ತಲೆಯಿಂದ ಹೋಗಿಲ್ಲ.

ಇನ್ನು ಕಥೆ. ಅದನ್ನು ಪೂರ್ತಿ ಹೇಳಲು ಅಜ್ಜಿಯರಿಗೇ ಹತ್ತು ನಿಮಿಷ ಬೇಕು, ಮಗು ಊಟ ಮಾಡದಿದ್ದರೆ ಅರ್ಧ ಗಂಟೆ. ನಾವು ಒಂದೇ ದೃಶ್ಯ ತೆಗೆದುಕೊಂಡಿದ್ದೇವೆ. ಮಳೆಗೆ ಮನೆ ಕರಗಿಹೋದ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ. ಒಳಗಿನಿಂದ ಗುಬ್ಬಕ್ಕ ಒಮ್ಮೆ ಮಗುವಿನ ಸ್ನಾನ, ಒಮ್ಮೆ ಮಗುವಿನ ಊಟ, ಒಮ್ಮೆ ತೊಟ್ಟಿಲು ಎಂದು ನೆಪ ಹೇಳುತ್ತಾಳೆ. ನಿಮ್ಮ ಮನೆಯಲ್ಲಿ ನೆಪಗಳು ಬೇರೆ ಇರಬಹುದು, ಜಗಳ ಬೇಡ.

ಈ ದೃಶ್ಯ ಕೈಚಿತ್ರಕ್ಕೆಂದೇ ಹೇಳಿ ಮಾಡಿಸಿದ ಹಾಗಿದೆ. ಅನಿಮೇಷನ್‌ನಲ್ಲಿ ಮಾತಿಗೆ ತಕ್ಕಂತೆ ಬಾಯಿ ಆಡಿಸುವುದು ಬಹಳ ಕಷ್ಟದ ಕೆಲಸ. ಇಲ್ಲಿ ಗುಬ್ಬಕ್ಕ ಮುಚ್ಚಿದ ಬಾಗಿಲ ಹಿಂದೆ! ಧ್ವನಿ ಮಾತ್ರ ಸಾಕು. ಬಾಗಿಲು ತಟ್ಟುವುದು ಮೂರು ಸಲ. 12 ಚಿತ್ರ ಬಿಡಿಸಿ ಮೂರು ಸಲವೂ ಬಳಸಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಫಂಕ್ಷನ್ ಒಂದು ಸಲ ಬರೆದು ಮೂರು ಸಲ ಕರೆಯುವುದು. ಆದರೆ ಪ್ರತಿ ಸಲವೂ ಕಾಗಕ್ಕ ಕಾಯುವ ಚಿತ್ರ ಹೊಸದು: ಮೊದಲು ನೆಟ್ಟಗೆ, ಆಮೇಲೆ ರೆಕ್ಕೆ ಇಳಿಬಿಟ್ಟು, ಕೊನೆಗೆ ಕುಗ್ಗಿ. ಇದನ್ನೆಲ್ಲಾ ಸೇರಿಸಿ ಆ 18 ಸೆಕೆಂಡಿಗೆ 50 ಹಾಳೆ. ಹಾರಿಬರುವುದಕ್ಕೆ 6 ಚಿತ್ರದ ರೆಕ್ಕೆಬಡಿತ ಸುತ್ತಿಸಿ, ಇಳಿಯಲು 14, ಒಟ್ಟು 20. ಮಳೆಗೆ 6. ಸೂರಿನ ಕೆಳಗೆ ನಡುಗುವುದಕ್ಕೆ 4. ಹೀಗೆ ಉಳಿಸಿದ್ದನ್ನೆಲ್ಲಾ ಕೊನೆಯ 8 ಸೆಕೆಂಡಿಗೆ ಖರ್ಚು ಮಾಡುತ್ತೇವೆ, ಅದಕ್ಕೆ ಪೂರಾ 96. ಒಟ್ಟು 176. ತಿದ್ದಲು, ಹರಿದು ಮತ್ತೆ ಬಿಡಿಸಲು ಈಗ ಜಾಗವಿದೆ. ಮಾರಾಟಕ್ಕೆ ಹಾಳೆ ಕಡಿಮೆಯಾಯಿತಲ್ಲ ಎಂದು ಖಜಾಂಚಿಯವರು ಕೇಳಿದರು. ಮುಗಿಯದ ಚಿತ್ರದ 400 ಹಾಳೆಗಿಂತ ಇದೇ ವಾಸಿ ಎಂದು ನಮ್ಮ ಅಭಿಪ್ರಾಯ.

ಒಂಬತ್ತು ಮಕ್ಕಳು ಬಿಡಿಸಿದರೆ ಒಂಬತ್ತು ಜಾತಿಯ ಕಾಗೆಗಳಾಗುತ್ತವೆ. ಅದಕ್ಕೇ ಮೊದಲ ವಾರ ಕಾಗಕ್ಕನ ಒಂದು ಮಾದರಿ ಹಾಳೆ: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಕೊಕ್ಕು ತಲೆಯ ಎಷ್ಟು ಪಾಲು ಇತ್ಯಾದಿ. ದೊಡ್ಡ ಮಕ್ಕಳು ಮುಖ್ಯ ಭಂಗಿಗಳನ್ನೂ, ಚಿಕ್ಕವರು ನಡುವಿನ ಚಿತ್ರಗಳನ್ನೂ ಬಿಡಿಸುತ್ತಾರೆ. ಕಥೆಯನ್ನು 12 ಚೌಕಗಳಲ್ಲಿ ಬರೆದು ಗೋಡೆಗೆ ಅಂಟಿಸಿ, ಆ ಚೌಕಗಳ ಫೋಟೋಗಳನ್ನು ಧ್ವನಿಯ ಜೊತೆ 40 ಸೆಕೆಂಡಿಗೆ ಓಡಿಸಿ ನೋಡುವವರೆಗೆ ಒಂದು ಕಾಗೆಯನ್ನೂ ಬಿಡಿಸುವಂತಿಲ್ಲ. ಮಕ್ಕಳಿಗೆ ಈ ನಿಯಮ ಬೋರಂತೆ. ಇರಲಿ.

ಎಐಗೆ ನಾಲ್ಕು ಸಾಲು ಬರೆದರೆ ಒಂದು ನಿಮಿಷದಲ್ಲಿ ಚಿತ್ರ ಕೊಡುತ್ತದಲ್ಲ, ಇಷ್ಟೆಲ್ಲ ಯಾಕೆ ಎಂದು ಇಬ್ಬರು ತಂದೆಯರು ಕೇಳಿದ್ದಾರೆ. ಕೊಡುತ್ತದೆ, ನಿಜ. ಆದರೆ ಹಾರುವ ಮೊದಲು ಕಾಗೆ ಕಾಲು ಮಡಿಸಿ ಕುಗ್ಗುತ್ತದೆ ಎಂಬುದನ್ನು ಪಾರ್ಕಿಂಗ್ ಲಾಟಿನಲ್ಲಿ ನಿಂತು ನೋಡಿ ಬಂದ ಹುಡುಗಿ ಈ ತರಗತಿಯಲ್ಲಿದ್ದಾಳೆ. ಅವಳು ಅದನ್ನು ಬಿಡಿಸಲಿ ಎಂಬುದೇ ನಮ್ಮಾಸೆ.

ಈಗ ಅತಿ ಮುಖ್ಯವಾದ ವಿಷಯ. ಅನಿಮೇಷನ್‌ನಲ್ಲಿ ಮಾತನ್ನು ಮೊದಲು ಧ್ವನಿಮುದ್ರಿಸಿ, ಆಮೇಲೆ ಚಿತ್ರ ಬಿಡಿಸುತ್ತಾರೆ. ಮಾತು ಎಷ್ಟು ಸೆಕೆಂಡೋ ಅಷ್ಟು ಹಾಳೆ. ಗುಬ್ಬಕ್ಕನ ಧ್ವನಿ ಕೊಡಲು ಒಪ್ಪಿರುವ ಅಜ್ಜಿ ಮಾರ್ಚ್‌ನಲ್ಲಿ ಬಂದವರು. ಆರು ತಿಂಗಳ ವಾಸ ಮುಗಿದು ಸೆಪ್ಟೆಂಬರ್ ಮೊದಲ ವಾರ ಹೊರಡುತ್ತಾರೆ. ಮುಂದಿನ ವರ್ಷ ಅಷ್ಟು ದೂರದ ಪ್ರಯಾಣ ತಮ್ಮಿಂದಾಗದು ಎಂದು ಅವರೇ ಹೇಳಿದ್ದಾರೆ. ಊರಿಗೆ ಹೋದ ಮೇಲೆ ಫೋನಿನಲ್ಲಿ ಮುದ್ರಿಸಿಕೊಳ್ಳಬಹುದು, ಆದರೆ ಮಕ್ಕಳು ಎದುರಿಗೆ ಕೂತು ಬಾಗಿಲು ತಟ್ಟದಿದ್ದರೆ ಆ ನೆಪ ಹೇಳುವ ರಾಗ ಅವರಿಗೆ ಬರುವುದಿಲ್ಲವಂತೆ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಮೊದಲನೆಯದು ಪೆನ್ಸಿಲ್ ಅಲ್ಲ, ಮೈಕು.

ಕೊನೆಯ 8 ಸೆಕೆಂಡಿನಲ್ಲಿ ಏನಾಗಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಮಳೆಯಲ್ಲಿ ನೆನೆಯುವವಳಿಗೆ ಗುಬ್ಬಕ್ಕ ಬಾಗಿಲು ಯಾಕೆ ತೆಗೆಯುವುದಿಲ್ಲ ಎಂದು ಇಲ್ಲಿ ಹುಟ್ಟಿದ ಮಕ್ಕಳ ಪ್ರಶ್ನೆ. ಅಜ್ಜಿಯ ಉತ್ತರ, ಒಳಗೆ ನಿಜವಾಗಿಯೂ ಮಗು ಇದೆಯಲ್ಲ. ಐವರು ಬಾಗಿಲು ತೆಗೆಸಬೇಕು ಎನ್ನುತ್ತಾರೆ, ನಾಲ್ವರು ಬೇಡ ಎನ್ನುತ್ತಾರೆ. ನಾವು ಮೂವರು ಬಾಯಿ ಹಾಕುವುದಿಲ್ಲ. ಧ್ವನಿಮುದ್ರಣದ ಹೊತ್ತಿಗೆ ಅವರೇ ತೀರ್ಮಾನಿಸಬೇಕು, ಯಾಕೆಂದರೆ ಅಜ್ಜಿಯಿಂದ ಒಂದೋ ಎರಡೋ ಕೊನೆಯ ಮಾತು ಹೇಳಿಸಬೇಕಾಗುತ್ತದೆ.

ಯಾರ ಮನೆಯಲ್ಲಾದರೂ ಗಾಜಿನ ಟೇಬಲ್ ಇದ್ದರೆ ದಯವಿಟ್ಟು ಹತ್ತು ವಾರಕ್ಕೆ ಕೊಡಿ. ಕೆಳಗೆ ದೀಪ ಇಟ್ಟರೆ ಒಂದು ಹಾಳೆಯ ಮೂಲಕ ಹಿಂದಿನದು ಕಾಣುತ್ತದೆ. ಹಾಳೆಗಳು ಅಲುಗದಂತೆ ಹಿಡಿಯಲು ಮೂರು ತೂತಿನ ಪಂಚ್, ಚೆನ್ನಾಗಿ ಕೆಲಸ ಮಾಡುವ ಒಂದು ಸ್ಕ್ಯಾನರ್ ಕೂಡ ಬೇಕು. ಧ್ವನಿಮುದ್ರಣ ಬರುವ ಶನಿವಾರ ಬೆಳಿಗ್ಗೆ 10ಕ್ಕೆ, ಅಜ್ಜಿ ಇರುವ ಮನೆಯಲ್ಲೇ. ತಿಂಡಿ ಅಲ್ಲೇ ಇದೆ. ಆದರೆ ಹನ್ನೊಂದೂವರೆಯವರೆಗೆ ಯಾರೂ ಕುಕ್ಕರ್ ಇಡಬೇಡಿ.