ಮಿತದ್ರವ್ಯದ ದ್ವೀಪವಾಸ

ಕರೀಬಿಯನ್ ದ್ವೀಪಗಳಲ್ಲಿ ಅಲ್ಪದ್ರವ್ಯದಿಂದ ಬಾಳಬಯಸುವವನು ಮೊದಲು ತೊರೆಯಬೇಕಾದುದು ತನ್ನ ನಾಲಗೆಯ ಹಟವನ್ನು. ಏಕೆಂದರೆ ಗೋದಿ, ಹಾಲಿನಪುಡಿ, ಸೇಬು ಮೊದಲಾದುವೆಲ್ಲ ಹಡಗೇರಿ ಬರತಕ್ಕವಾದುದರಿಂದ ಅಂಗಡಿಯ ಬೆಲೆ ಸಿರಿವಂತ ಪ್ರವಾಸಿಯನ್ನೂ ಬೆಚ್ಚಿಸುತ್ತದೆ. ಸಂತೆಯಲ್ಲಾದರೋ, ಮಣ್ಣು ಮೆತ್ತಿದ ಕೆಸುವಿನ ಗೆಡ್ಡೆ, ಮರಗೆಣಸು, ಬಾಳೆಕಾಯಿ, ಗುಲಾಮರ ಹೊಟ್ಟೆಗೆಂದು 1793ರಲ್ಲಿ ಕಪ್ತಾನ ಬ್ಲೈ ತಾಹಿತಿಯಿಂದ ಸೇಂಟ್ ವಿನ್ಸೆಂಟ್, ಜಮೈಕಾಗಳಿಗೆ ತಂದಿಳಿಸಿದ ದೀವಿಹಲಸು, ಇವೆಲ್ಲ ಬಡವನ ಕೈಗೆಟಕುವಂತೆ ರಾಶಿಬಿದ್ದಿರುತ್ತವೆ. ಟ್ರಿನಿಡಾಡಿನಲ್ಲಿ, 1845ರಿಂದ ಕಬ್ಬಿನ ತೋಟಗಳಿಗೆ ಬಂದಿಳಿದ ಭಾರತೀಯ ಕೂಲಿಗಳ ಸಂತತಿಯವರು ಬೆಳಗ್ಗೆಯೇ ಬೀದಿಬದಿಯಲ್ಲಿ ನಿಂತು, ಕರಿದ ಎರಡು ಮೆದುರೊಟ್ಟಿಗಳ ನಡುವೆ ಕಡಲೆಯ ಗೊಜ್ಜನ್ನೂ ಹುಣಿಸೆಯ ಚಟ್ನಿಯನ್ನೂ ಸುರಿದು, ಕಾಗದದಲ್ಲಿ ಸುತ್ತಿಕೊಡುವ 'ಡಬಲ್ಸ್' ಎಂಬುದು ನನ್ನ ಮತದಲ್ಲಿ ಯಾವ ಹೋಟೆಲಿನ ಉಪಾಹಾರಕ್ಕೂ ಮಿಗಿಲು. ಬಾಡಿಗೆಯ ಮಾತು ಬೇರೆ. ಕಡಲು ಕಾಣುವ ಕಿಟಕಿಯ ಆಸೆಯನ್ನು ಬಿಟ್ಟು, ಒಳನಾಡಿನಲ್ಲಿ ಕೋಣೆ ಹಿಡಿದು, ನಿಯತ ಮಾರ್ಗದಲ್ಲಿ ಓಡುವ ಮ್ಯಾಕ್ಸಿ ಟ್ಯಾಕ್ಸಿಯಲ್ಲಿ ಪೇಟೆಗೆ ಬಂದುಹೋಗುವುದೇ ಲೇಸು.